ಭಾಷೆ ಅನ್ನೋ ಒಂದು ಕಾಲಂ: ಪೆರ್ಲ ಕಡೆಯ ಹುಡುಗಿಯ ಸರ್ಟಿಫಿಕೇಟಿನ ಕೇಸು

ನಾನು ಪಾಠ ಮಾಡುವ ಕೆಲಸದ ತರಬೇತಿ ಸೆಂಟರಿನ ಪರೀಕ್ಷೆ ರಿಸಲ್ಟ್ ಬಂದಾಗ ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಬಸ್‌ಸ್ಟ್ಯಾಂಡಲ್ಲಿ ನಿಂತಿದ್ದೆ. ಕೋಆರ್ಡಿನೇಟರ್ ವಾಟ್ಸಾಪಿಗೆ ಒಂದು ಎಕ್ಸೆಲ್ ಶೀಟ್ ಹಾಕಿದ್ರು, 24 ಜನರ ಬ್ಯಾಚು, 21 ಪಾಸು, 3 ಫೈಲು. ಮೂವರಲ್ಲಿ ಇಬ್ಬರು ಯಾರು ಅಂತ ನೋಡದೇ ಹೇಳ್ಬಹುದಿತ್ತು, ಒಬ್ಬ ಬೆರಳೊತ್ತಿ ಹಾಜರಿ ಹಾಕಿ ಮಾಯ ಆಗ್ತಿದ್ದವ, ಇನ್ನೊಬ್ಬಳಿಗೆ ಕೋರ್ಸಿನ ನಡುವೆ ಮದುವೆ ನಿಶ್ಚಯ ಆಗಿ ಮಂಡೆ ಅಲ್ಲಿ ಇರ್ಲೇ ಇಲ್ಲ. ಮೂರನೇ ಹೆಸರು ನೋಡಿ ಮಾತ್ರ ಶೀಟೇ ತಪ್ಪು ಅಂದ್ಕೊಂಡೆ. ಫೋನ್ ಮಾಡಿ ಕೇಳಿದೆ. ಇಲ್ಲ ಸರ್, ಅವಳೇ, ನಾವೂ ಎರಡು ಸಲ ನೋಡಿದ್ವಿ ಅಂದ್ರು.

ಹೆಸರು ಬರೆಯುವುದಿಲ್ಲ, ಊರು ಕರ್ನಾಟಕ ಗಡಿ ಕಡೆಯ ಪೆರ್ಲದ ಹತ್ತಿರ ಅಂತ ಮಾತ್ರ ಇಟ್ಕೊಳ್ಳಿ. ಸೆಂಟರಿನ ಹೆಸರೂ ಬೇಡ, ಅಲ್ಲಿರುವವರು ಕೆಟ್ಟವರಲ್ಲ, ಮತ್ತೆ ಈ ಕೇಸಲ್ಲಿ ತಪ್ಪಿನ ಒಂದು ಪಾಲು ನಂದೇ. ಅದು ಎಲ್ಲಿ ಅಂತ ಮುಂದೆ ಬರ್ತದೆ.

ಕೋರ್ಸು ಯಾವುದು ಅಂದ್ರೆ ರೀಟೇಲ್ ಸೇಲ್ಸ್ ಅಸೋಸಿಯೇಟ್, ಅಂದ್ರೆ ಸೂಪರ್ ಮಾರ್ಕೆಟಲ್ಲಿ, ಜವಳಿ ಅಂಗಡಿಯಲ್ಲಿ ಗಿರಾಕಿಗಳನ್ನ ನೋಡ್ಕೊಳ್ಳುವ ಕೆಲಸ, ಎನ್‌ಎಸ್‌ಕ್ಯುಎಫ್ ಲೆವೆಲ್ 4. ಈ ಎನ್‌ಎಸ್‌ಕ್ಯುಎಫ್ ಅನ್ನುವುದು 2013ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ತಂದ ಒಂದು ಏಣಿ, ದೇಶದ ಎಲ್ಲಾ ಕೆಲಸದ ತರಬೇತಿಯನ್ನ ಯಾವ ಮೆಟ್ಟಿಲಲ್ಲಿ ಇಡ್ಬೇಕು ಅಂತ ಹೇಳ್ತದೆ. ಲೆವೆಲ್ 3 ಅಂದ್ರೆ ಯಾರಾದ್ರೂ ಹತ್ತಿರ ನಿಂತು ನೋಡ್ಕೊಂಡೇ ಕೆಲಸ ಮಾಡಿಸ್ಬೇಕು, ಲೆವೆಲ್ 4 ಅಂದ್ರೆ ಗೊತ್ತಿರುವ ದಿನನಿತ್ಯದ ಕೆಲಸವನ್ನ ತನ್ನ ಜವಾಬ್ದಾರಿ ಮೇಲೆ ಮಾಡಿ ಮುಗಿಸ್ತಾರೆ ಅಂತ ಲೆಕ್ಕ. ಕಲಿಸುವವರು ಒಬ್ಬರು, ಪರೀಕ್ಷೆ ಮಾಡುವವರು ಬೇರೆಯವರು, ಸರ್ಟಿಫಿಕೇಟ್ ಕೊಡುವವರು ಇನ್ನೊಬ್ಬರು, ಇವರೆಲ್ಲರ ಮೇಲೆ 2018ರಲ್ಲಿ ನೋಟಿಫೈ ಆದ ಎನ್‌ಸಿವಿಇಟಿ ಅನ್ನುವ ರೆಗ್ಯುಲೇಟರ್. ಈ ಬೇರೆ ಬೇರೆ ಮಾಡಿದ್ದು ಒಳ್ಳೆದೇ, ನಾನೇ ಕಲಿಸಿ ನಾನೇ ಮಾರ್ಕು ಹಾಕಿದ್ರೆ 24ಕ್ಕೆ 24 ಪಾಸು ಅಂತ ನಿಮಗೂ ಗೊತ್ತು. ಪ್ರತಿ ಯೂನಿಟ್ಟಿಗೂ ಥಿಯರಿ, ಪ್ರಾಕ್ಟಿಕಲ್, ವೈವಾ (ಬಾಯಲ್ಲಿ ಕೇಳುವ ಪ್ರಶ್ನೆ) ಅಂತ ಮಾರ್ಕು ಹಂಚಿರ್ತದೆ.

ನನ್ನ ಪಾಲಿಗೆ ಬಂದದ್ದು ಎಂಪ್ಲಾಯಬಿಲಿಟಿ ಸ್ಕಿಲ್ಸ್, 60 ಗಂಟೆಯದ್ದು. 30 ಗಂಟೆಗೆ 1 ಕ್ರೆಡಿಟ್ ಲೆಕ್ಕದಲ್ಲಿ 2 ಕ್ರೆಡಿಟ್. ಇದರಲ್ಲಿ ಎಂತ ಇಲ್ಲ ಕೇಳಿ, ಸಂವಿಧಾನದ ಮೌಲ್ಯದಿಂದ ಶುರು ಆಗಿ ಬೇಸಿಕ್ ಇಂಗ್ಲಿಷು, ಮಾತುಕತೆ, ಬ್ಯಾಂಕು ಸಾಲ ಕಾನೂನು, ಕಂಪ್ಯೂಟರು, ಗಿರಾಕಿ ಸೇವೆ, ಕೊನೆಗೆ ರೆಸ್ಯೂಮೆ ಬರೆದು ಇಂಟರ್‌ವ್ಯೂಗೆ ಹೋಗುವುದು ಹೇಗೆ ಅನ್ನುವ ತನಕ ಉಂಟು. ಮಕ್ಕಳಿಗೆ ಇದರಲ್ಲಿ ನೆನಪು ಉಳಿಯುವುದು ಪಿಎಫ್ ಇಎಸ್‌ಐ ಅಂದ್ರೆ ಎಂತ, ಸಂಬಳದ ಚೀಟಿಯಲ್ಲಿ ಎಂತೆಂತ ಕಟ್ ಆಗ್ತದೆ ಅನ್ನುವ ಪಾಠ. ಗುರಿ ನಿಗದಿ ಮಾಡುವುದು ಅನ್ನುವ ಪಾಠಕ್ಕೆ ಹಿಂದಿನ ಬೆಂಚಲ್ಲಿ ನಿದ್ದೆ.

ಇನ್ನು ಆ ಹುಡುಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮೀಡಿಯಂ, ಪ್ಲಸ್‌ಟು ಕಾಮರ್ಸು. ಮಲಯಾಳಂ ಮಾತಾಡಿದ್ರೆ ಅರ್ಥ ಆಗ್ತದೆ, ನಾಲ್ಕು ಮಾತು ಆಡ್ತಾಳೆ ಕೂಡ, ಓದ್ಲಿಕ್ಕೆ ಬರುವುದಿಲ್ಲ. ಕೇರಳದಲ್ಲಿ ಮಲಯಾಳಂ ಕಡ್ಡಾಯ ಕಾನೂನು ಬಂದದ್ದು 2017ರಲ್ಲಿ, ಅಷ್ಟರಲ್ಲಿ ಅವಳು ಒಂಬತ್ತನೇ ಕ್ಲಾಸು ಮುಟ್ಟಿದ್ಲು. ಘಟ್ಟದ ಮೇಲಿನವರು ಇದನ್ನ ಓದ್ತಾ ಇದ್ರೆ ಒಂದು ಮಾತು, ಕಾಸರಗೋಡನ್ನ ಸಪ್ತಭಾಷಾ ಸಂಗಮ ಭೂಮಿ ಅಂತ ಸ್ಟೇಜ್ ಮೇಲೆ ಹೇಳ್ತಾರಲ್ಲ, ಅದರ ಅರ್ಥ ಎಲ್ಲರಿಗೂ ಏಳು ಭಾಷೆ ಬರ್ತದೆ ಅಂತ ಅಲ್ಲ, ಪ್ರತಿಯೊಬ್ಬನಿಗೂ ಮೂರು ಮೂರೂವರೆ ಬರ್ತದೆ, ಬಾರದ ಒಂದು ಭಾಷೆ ಯಾವಾಗ್ಲೂ ಅರ್ಜಿಯಲ್ಲೋ ಪರೀಕ್ಷೆಯಲ್ಲೋ ಎದುರಿಗೆ ಬಂದು ನಿಲ್ತದೆ.

ಅವಳ ಸೋದರಮಾವನದ್ದು ಒಂದು ಜಂಕ್ಷನ್ನಲ್ಲಿ ಜಿನಸಿನ ಅಂಗಡಿ. ಹೈಸ್ಕೂಲಿಂದಲೇ ರಜೆಯಲ್ಲೆಲ್ಲ ಅವಳು ಅಲ್ಲೇ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಗಿ, ಕರ್ನಾಟಕದ ಕಡೆಯಿಂದ ಗಡಿ ರೋಡುಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ರಲ್ಲ, ಆಗ ಮಾವನಿಗೆ ಪುತ್ತೂರಿಂದ ಬರುವ ಲೋಡು ನಿಂತೋಯ್ತು, ಇದ್ದ ಮಾಲನ್ನ ಯಾರಿಗೆ ಎಷ್ಟು ಅಂತ ಹಂಚ್ಬೇಕು, ಕಾಸರಗೋಡು ಪೇಟೆಯಿಂದ ಎಂತ ತರಿಸ್ಬೇಕು, ಯಾವುದು ಮೊದಲು ಹಾಳಾಗ್ತದೆ ಅದನ್ನ ಮೊದಲು ಕಳಿಸ್ಬೇಕು, ಇಷ್ಟನ್ನೂ ನೋಡ್ಕೊಂಡದ್ದು ಇವಳು. ಕಡದ ಪುಸ್ತಕ ಬರೆಯುವವಳೂ ಇವಳೇ. ಅಡಿಕೆ ಕೊಟ್ಟ ಮೇಲೆ ಕೊಡ್ತೇನೆ ಅನ್ನುವವರಲ್ಲಿ ಯಾರು ನಿಜಕ್ಕೂ ಕೊಡ್ತಾರೆ ಯಾರು ಆ ದಾರಿಯಲ್ಲೇ ನಡೆಯುವುದನ್ನ ಬಿಡ್ತಾರೆ ಅಂತ ಅವಳಿಗೆ ಮುಖ ನೋಡಿದ್ರೆ ಗೊತ್ತು. ಕೋರ್ಸಲ್ಲಿ ಗಿರಾಕಿಯ ಸಾಲದ ಅರ್ಜಿ ಪ್ರೊಸೆಸ್ ಮಾಡುವುದು ಅಂತ ಒಂದು ಯೂನಿಟ್ಟೇ ಉಂಟು, ಅದನ್ನ ಟ್ರೇನರ್ ಪಾಠ ಮಾಡುವಾಗ ಇವಳು ಬಾಯಿಗೆ ಶಾಲು ಅಡ್ಡ ಹಿಡಿದು ನಗ್ತಿದ್ಲು.

ನನ್ನ ಕ್ಲಾಸಲ್ಲಿ ಒಂದು ದಿನ ಸಿಟ್ಟಿನ ಗಿರಾಕಿ ಅಂತ ನಾಟಕ ಮಾಡಿಸಿದೆ. ಒಬ್ಬ ಹುಡುಗ ಬಂದು ಹಾಲು ಒಡೆದಿದೆ ದುಡ್ಡು ವಾಪಸ್ ಕೊಡಿ ಅಂತ ಕಿರುಚ್ಬೇಕು. ಉಳಿದವರೆಲ್ಲ ಪುಸ್ತಕದಲ್ಲಿದ್ದ ಹಾಗೆ ಕ್ಷಮಿಸಿ ಸರ್, ನಿಮ್ಮ ತೊಂದರೆ ಅರ್ಥ ಆಗ್ತದೆ ಸರ್ ಅಂತ ಶುರು ಮಾಡಿದ್ರು. ಇವಳು ಮಾತ್ರ ತುಳುವಲ್ಲಿ, ಪ್ಯಾಕೆಟ್ ಇತ್ತ ಕೊಡಿ ನೋಡುವ ಅಂದ್ಲು, ತಾರೀಕು ನೋಡಿದ್ಲು, ಎಷ್ಟು ಗಂಟೆಗೆ ತಗೊಂಡು ಹೋದದ್ದು ಕೇಳಿದ್ಲು, ಮಧ್ಯಾಹ್ನ ಬಿಸಿಲಿಗೆ ಬೈಕಿನ ಬಾಕ್ಸಲ್ಲಿ ಇಟ್ರಾ ಕೇಳಿದ್ಲು, ಆಮೇಲೆ ಬೇರೆ ಪ್ಯಾಕೆಟ್ ತೆಗೆದುಕೊಟ್ಟು, ಇದು ಸೀದ ಮನೆಗೆ ಅಂದ್ಲು. ಕ್ಲಾಸೇ ಚಪ್ಪಾಳೆ. ಗಿರಾಕಿ ಪಾರ್ಟು ಮಾಡಿದ ಹುಡುಗ ಸಿಟ್ಟು ಮಾಡ್ಲಿಕ್ಕೆ ಮರ್ತೇ ಹೋಗಿದ್ದ.

ಇವಳು ಫೈಲು.

ಈಗ ನನ್ನ ತಪ್ಪು ಹೇಳ್ತೇನೆ. ಅಸೆಸ್‌ಮೆಂಟಿಗೆ ಬ್ಯಾಚ್ ಕಳಿಸುವಾಗ ಆನ್‌ಲೈನಲ್ಲಿ ಒಂದು ಫಾರ್ಮು ತುಂಬ್ಬೇಕು, ಅದರಲ್ಲಿ ಪರೀಕ್ಷೆಯ ಭಾಷೆ ಅಂತ ಒಂದು ಕಾಲಂ ಇತ್ತು. ಕೋಆರ್ಡಿನೇಟರ್ ಸಂಜೆ ಐದೂವರೆಗೆ ತುಂಬ್ತಾ ಇದ್ರು, ನಾನು ಪಕ್ಕದ ಕುರ್ಚಿಯಲ್ಲಿ ಚಾ ಕುಡಿತಾ ಬಸ್ಸಿಗೆ ಕಾಯ್ತಿದ್ದೆ. ಭಾಷೆ ಕಾಲಂ ಬಂತು, ಅವರು ಮಲಯಾಳಂ ಅಂತ ಹಾಕಿ ಕೆಳಗೆ ಹೋದ್ರು. ನಾನು ನೋಡಿದೆ. ಕಣ್ಣಿಗೆ ಬಿತ್ತು, ಮಂಡೆಗೆ ಹೋಗ್ಲಿಲ್ಲ. ಯಾಕೆ ಅಂದ್ರೆ ನಮ್ಮ ಕ್ಲಾಸು ನಡೆಯುವುದೇ ಎಲ್ಲಾ ಭಾಷೆ ಕಲಸಿ, ಟ್ರೇನರ್ ಮಲಯಾಳಂ ಶುರು ಮಾಡಿ ಕನ್ನಡದಲ್ಲಿ ಮುಗಿಸ್ತಾರೆ, ಮಕ್ಕಳು ತುಳುವಲ್ಲಿ ಡೌಟು ಕೇಳ್ತಾರೆ, ಬೋರ್ಡ್ ಮೇಲೆ ಇಂಗ್ಲಿಷು. ಕಲಿಯುವಾಗ ಭಾಷೆ ಒಂದು ಸಮಸ್ಯೆ ಅಂತ ಆರು ವಾರದಲ್ಲಿ ಒಬ್ಬರಿಗೂ ಅನ್ನಿಸ್ಲಿಲ್ಲ, ಹಾಗಾಗಿ ಪರೀಕ್ಷೆ ಮಾತ್ರ ಒಂದೇ ಭಾಷೆಯಲ್ಲಿ ನಡೀತದೆ ಅನ್ನುವುದು ಯಾರಿಗೂ ಹೊಳೀಲೇ ಇಲ್ಲ. ಎಸ್ಎಸ್ಎಲ್‌ಸಿ ಪೇಪರು ಕೇರಳದಲ್ಲಿ ಕನ್ನಡದಲ್ಲೂ ಬರ್ತದೆ, ಪಿಎಸ್‌ಸಿಯ ಕೆಳಹಂತದ ಪರೀಕ್ಷೆಗೂ ಕನ್ನಡದಲ್ಲಿ ಪ್ರಶ್ನೆ ಸಿಗ್ತದೆ, ಅದೆಲ್ಲ ಹೋರಾಟ ಮಾಡಿ ತಗೊಂಡದ್ದು. ಇಲ್ಲಿ ಹೋರಾಟ ಮಾಡ್ಲಿಕ್ಕೆ ಎದುರಿಗೆ ಯಾರೂ ಇಲ್ಲ, ಒಂದು ಡ್ರಾಪ್‌ಡೌನ್ ಅಷ್ಟೇ.

ಪರೀಕ್ಷೆ ದಿನದ್ದು ಸ್ವಲ್ಪ ವಿವರವಾಗಿ ಹೇಳ್ಬೇಕು. ಅಸೆಸರ್, ಅಂದ್ರೆ ಪರೀಕ್ಷೆ ಮಾಡುವವರು, ತೆಂಕು ಕಡೆಯವರು, ರಾತ್ರಿ ಟ್ರೈನಲ್ಲಿ ಬಂದು ಬೆಳಿಗ್ಗೆ ಇಳಿದವರು, ಒಂದೇ ದಿನದಲ್ಲಿ 24 ಜನರನ್ನ ಮುಗಿಸಿ ಸಂಜೆ ಟ್ರೈನು ಹಿಡೀಬೇಕು. ಒಳ್ಳೆ ಮನುಷ್ಯ, ಒಬ್ಬರನ್ನೂ ಗದರಿಸ್ಲಿಲ್ಲ. ಟ್ರೇನರುಗಳು ಹಾಲ್ ಒಳಗೆ ಹೋಗುವ ಹಾಗಿಲ್ಲ, ನಾನು ಕಾರಿಡಾರಿನ ಕಿಟಕಿಯಲ್ಲಿ ನಿಂತು ನೋಡಿದ್ದು. ಥಿಯರಿ ಟ್ಯಾಬಲ್ಲಿ, ಪ್ರಶ್ನೆ ಮಲಯಾಳಂ ಲಿಪಿಯಲ್ಲಿ. ಮೂಲೆಯಲ್ಲಿ ಇಂಗ್ಲಿಷಿಗೆ ಬದಲಾಯಿಸುವ ಒಂದು ಬಟನ್ ಇತ್ತಂತೆ, ಅದು ಇವಳಿಗೆ ಗೊತ್ತಾಗುವಾಗ ಹನ್ನೊಂದು ಪ್ರಶ್ನೆ ಅಂದಾಜಲ್ಲಿ ಒತ್ತಿ ಆಗಿತ್ತು, ಹಿಂದೆ ಹೋಗಿ ನೋಡ್ಬಹುದು ಅಂತ ಧೈರ್ಯ ಬರ್ಲಿಲ್ಲ. ಕೈ ಎತ್ತಿ ಕೇಳ್ಬಹುದಿತ್ತಲ್ಲ ಅಂತ ಆಮೇಲೆ ಕೇಳಿದೆ. ಎಲ್ಲರೂ ಒತ್ತುತ್ತಾ ಇದ್ರು ಸರ್, ನಾನೊಬ್ಬಳೇ ಹೇಗೆ ಕೇಳುದು ಅಂದ್ಲು.

ಪ್ರಾಕ್ಟಿಕಲಿಗೆ ಬೆಂಚು ಮೇಲೆ ಬೆಂಚು ಇಟ್ಟು ಶೆಲ್ಫ್ ಮಾಡಿದ್ವಿ. ಬಿಸ್ಕೆಟು, ಸಾಬೂನು, ಸಾಂಬಾರು ಪುಡಿ, ಬೇಬಿ ಪೌಡರು, ಬೇಕಂತಲೇ ಬೇರೆ ಬೇರೆ ತಾರೀಕಿನದ್ದು ಕಲಸಿ ಇಟ್ಟದ್ದು. ಒಬ್ಬೊಬ್ಬರಿಗೆ ಐದು ನಿಮಿಷ. ಇವಳು ಹೋದಾಗ ಎರಡು ನಿಮಿಷ ಆಗಿರ್ಬೇಕು ಅಷ್ಟೇ, ಪ್ಯಾಕೆಟನ್ನ ಎತ್ತಿ ನೋಡುವುದು ಕೂಡ ಇಲ್ಲ, ತಾರೀಕು ಇರುವ ಬದಿಯನ್ನ ಹೆಬ್ಬೆರಳಲ್ಲಿ ತಿರುಗಿಸಿ ಒಂದು ಕಣ್ಣು ಹಾಕಿ ಹಿಂದೆ ಮುಂದೆ ಮಾಡುವುದು, ಮೊದಲು ಎಕ್ಸ್‌ಪೈರಿ ಆಗುವುದು ಎದುರಿಗೆ, ಆ ತಿಂಗಳೇ ಮುಗಿಯುವ ಮೂರು ಪ್ಯಾಕೆಟು ಬೇರೆ ಸಾಲಲ್ಲಿ. ಸಾಬೂನನ್ನ ಬಿಸ್ಕೆಟಿನ ಹತ್ತಿರದಿಂದ ತೆಗೆದು ಕೆಳಗಿನ ಬೆಂಚಿಗೆ ಹಾಕಿದ್ಲು, ವಾಸನೆ ಹತ್ತುತ್ತದಲ್ಲ. ಅದನ್ನ ಯಾರೂ ಹೇಳಿಕೊಟ್ಟದ್ದಲ್ಲ, ಮಾರ್ಕಿನ ಶೀಟಲ್ಲೂ ಇಲ್ಲ. ಒಂದು ಸಾಂಬಾರು ಪುಡಿಯ ಪ್ಯಾಕೆಟ್ಟಿನ ಮೂಲೆ ಇಲಿ ಕಚ್ಚಿದ ಹಾಗೆ ಸ್ವಲ್ಪ ಹರಿದಿತ್ತು, ಅದನ್ನ ಮೇಜಿನ ಕೆಳಗೆ ಇಟ್ಲು.

ಅಸೆಸರ್ ಮಲಯಾಳಂನಲ್ಲಿ ಅದನ್ನ ಯಾಕೆ ಅಲ್ಲಿ ಇಟ್ಟದ್ದು ಅಂತ ಕೇಳಿದ್ರು. ಅವಳು, ಡ್ಯಾಮೇಜ್, ಅಂದ್ಲು. ಆಮೇಲೆ? ಅಂದ್ರು. ಆಮೇಲೆ ಅಂದ್ರೆ ರಿಜಿಸ್ಟರಲ್ಲಿ ಬರೀಬೇಕು, ಸೂಪರ್‌ವೈಸರಿಗೆ ತಿಳಿಸ್ಬೇಕು, ಕಂಪನಿಗೆ ರಿಟರ್ನ್ ಹಾಕ್ಬೇಕು, ಅಷ್ಟೂ ಹೇಳಿದ್ರೆ ಪೂರ್ತಿ ಮಾರ್ಕು. ಅವಳಿಗೆ ಅಷ್ಟೂ ಗೊತ್ತು, ಮಾವನ ಅಂಗಡಿಯಲ್ಲಿ, ಕಂಪನಿಯ ಮಾಲು ಅಂಗಡಿಗೆ ತಂದು ಹಾಕುವ ಲೈನ್‌ಸೇಲಿನವನ ಹತ್ತಿರ ಜಗಳ ಮಾಡಿ ರಿಟರ್ನ್ ಹಾಕಿಸುವವಳೇ ಅವಳು. ಬಾಯಿಗೆ ಬಂದದ್ದು ಮಾತ್ರ ಇನ್ನೊಂದು ಸಲ ಡ್ಯಾಮೇಜ್. ಅವರು ಬರೆದ್ಕೊಂಡು ಮುಂದಿನ ಪ್ರಶ್ನೆಗೆ ಹೋದ್ರು. ಅದನ್ನ ಹೇಗೆ ತಪ್ಪು ಅನ್ನುವುದು? ಹೇಳಿದ್ದಕ್ಕೆ ತಾನೆ ಮಾರ್ಕು.

ಮಾರ್ಕು ಬಿಡಿಸಿ ನೋಡಿದಾಗ ಕಥೆ ಸ್ಪಷ್ಟ ಆಯ್ತು. ಪ್ರಾಕ್ಟಿಕಲಲ್ಲಿ ಬ್ಯಾಚಿಗೇ ಮೊದಲ ಸಾಲು, ವೈವಾ ಅರ್ಧಕ್ಕಿಂತ ಕೆಳಗೆ, ಥಿಯರಿ ಪಾತಾಳ. ಅದೇ ಶೀಟಲ್ಲಿ ಕುಂಬಳೆ ಕಡೆಯ ಒಬ್ಬ ಹುಡುಗ ಥಿಯರಿ ವೈವಾ ಎರಡರಲ್ಲೂ ಟಾಪು, ಅವನಿಗೆ 387 ರೂಪಾಯಿ ಬಿಲ್ಲಿಗೆ 500 ಕೊಟ್ಟು ಮೇಲೆ 7 ರೂಪಾಯಿ ಚಿಲ್ಲರೆ ಕೊಟ್ರೆ ವಾಪಸ್ ಎಷ್ಟು ಅಂತ ಕೇಳಿದ್ರೆ ಮೊಬೈಲು ತೆಗೀತಾನೆ. ಮೊದಲಿಗೆ ನನಗೆ ಇದು ಅನ್ಯಾಯ ಅಂತ ಉರಿ ಬಂದದ್ದು ಹೌದು, ಆದ್ರೆ ಅವನಿಗೂ ನ್ಯಾಯ ಮಾಡ್ಬೇಕು, ಅವನು ಈಗ ಉಪ್ಪಳದಲ್ಲಿ ಮೊಬೈಲ್ ಅಂಗಡಿಯಲ್ಲಿ ಇದ್ದಾನೆ, ಬಂದವರನ್ನ ಮಾತಲ್ಲೇ ಕಟ್ಟಿ ಹಾಕ್ತಾನೆ, ಕವರು ಬೇಕು ಅಂತ ಬಂದವರಿಗೆ ಇಯರ್‌ಫೋನೂ ಕೊಟ್ಟು ಕಳಿಸ್ತಾನೆ. ಪರೀಕ್ಷೆ ಅವನಲ್ಲಿ ಒಂದು ನಿಜವನ್ನೇ ಕಂಡಿದೆ. ಇವಳಲ್ಲಿದ್ದದ್ದನ್ನ ಕಾಣ್ಲಿಲ್ಲ, ಕಂಡದ್ದನ್ನ ಮಾರ್ಕು ಮಾಡ್ಲಿಕ್ಕೆ ಮಾತು ಬೇಕಾಗಿತ್ತು.

ರೀ-ಅಸೆಸ್‌ಮೆಂಟಿಗೆ ಅವಕಾಶ ಉಂಟು ಅಂತ ಗೊತ್ತಾಗಿ ನಾವು ಈ ಸಲ ಭಾಷೆ ಕಾಲಂಗೆ ಕನ್ನಡ ಹಾಕಿಸಿದ್ವಿ, ದೊಡ್ಡ ಕೆಲಸ ಮಾಡಿದವರ ಹಾಗೆ ನಾನು ಮನೆಗೆ ಹೋಗಿ ಹೆಂಡತಿ ಹತ್ತಿರ ಹೇಳಿಕೊಂಡೆ ಕೂಡ. ಪ್ರಾಕ್ಟೀಸಿಗೆ ಅಂತ ಬಂದ ಕನ್ನಡದ ಮಾದರಿ ಪ್ರಶ್ನೆ ನೋಡಿದ್ರೆ ಮಾರಾಯ್ರೇ, ಶೆಲ್ಫ್ ಲೈಫ್ ಅನ್ನುವುದಕ್ಕೆ ಕಪಾಟಿನ ಜೀವನ. ಅಂಗಡಿಗೆ ಎಷ್ಟು ಜನ ಬರ್ತಾರೆ ಅನ್ನುವ ಫುಟ್‌ಫಾಲಿಗೆ ಪಾದಪತನ. ಕಳ್ಳತನ, ಒಡೆಯುವುದು, ಲೆಕ್ಕ ತಪ್ಪುವುದು ಇದರಿಂದ ಮಾಲು ಕಡಿಮೆ ಆಗುವುದಕ್ಕೆ ಶ್ರಿಂಕೇಜ್ ಅಂತಾರಲ್ಲ, ಅದಕ್ಕೆ ಕುಗ್ಗುವಿಕೆ, ಕುಗ್ಗುವಿಕೆಯನ್ನು ತಡೆಯಲು ಮಾರಾಟ ಸಹವರ್ತಿ ಏನು ಮಾಡಬೇಕು ಅಂತ ಪ್ರಶ್ನೆ. ಅವಳು ಬಟ್ಟೆ ಅಂಗಡಿಯ ಪ್ರಶ್ನೆ ಅಂದ್ಕೊಂಡು, ಬಿಸಿ ನೀರಲ್ಲಿ ಒಗೆಯಬಾರದು ಅನ್ನುವ ಉತ್ತರ ಹುಡುಕ್ತಾ ಇದ್ಲು.

ಕನ್ನಡ ಹಾಕಿದ್ರೆ ಮುಗೀತು ಅಂತ ನಾನು ಅಂದ್ಕೊಂಡದ್ದು ಇಲ್ಲಿ ಬಿದ್ದೋಯ್ತು. ಅವಳ ಅಂಗಡಿಯ ಕನ್ನಡದಲ್ಲಿ ಅದು ಸ್ಟಾಕು, ಎಕ್ಸ್‌ಪೈರಿ, ಎಂಆರ್‌ಪಿ, ರಿಟರ್ನು, ಡ್ಯಾಮೇಜು. ಅದೂ ಕನ್ನಡವೇ, ಪೆರ್ಲದಿಂದ ಪುತ್ತೂರಿನ ತನಕ ಯಾವ ಅಂಗಡಿಯಲ್ಲಾದ್ರೂ ಅದೇ ಕನ್ನಡ ನಡೀತದೆ, ಪರೀಕ್ಷೆಯವರ ಕನ್ನಡ ಮಾತ್ರ ಯಾವ ಅಂಗಡಿಯಲ್ಲೂ ನಡೀಲಿಕ್ಕಿಲ್ಲ. ಕೊನೆಗೆ ಅವಳೇ ಹೇಳಿದ್ಲು, ಸರ್, ಥಿಯರಿ ಇಂಗ್ಲಿಷಲ್ಲೇ ಓದ್ತೇನೆ, ಪ್ಯಾಕೆಟ್ ಮೇಲೆ ಇರುವ ಶಬ್ದವೇ ಅಲ್ಲಿ ಉಂಟು, ವೈವಾ ಮಾತ್ರ ಕನ್ನಡ ಬರುವವರು ಕೇಳ್ಲಿ. ನನಗೆ ಆರು ವಾರ ಪಾಠ ಮಾಡಿ ತೋಚದ್ದು ಅವಳಿಗೆ ಒಂದು ಮಾದರಿ ಪೇಪರು ನೋಡಿ ತೋಚಿತು. ಒಂದು ಕಾಲಂನಲ್ಲಿ ಒಂದು ಭಾಷೆ ಅನ್ನುವ ಯೋಚನೆಯೇ ನಮ್ಮ ಕಡೆಯವರ ಬಾಯಿಗೆ ಹೊಂದುವುದಿಲ್ಲ, ಓದುವ ಭಾಷೆ ಒಂದು, ಕೆಲಸದ ಭಾಷೆ ಒಂದು, ಉತ್ತರ ಹೇಳುವ ಭಾಷೆ ಒಂದು.

ಎರಡನೇ ಅಸೆಸ್‌ಮೆಂಟು ಆಗ್ಲಿಕ್ಕೆ ಎರಡೂವರೆ ತಿಂಗಳು ಹೋಯ್ತು. ಅಷ್ಟರಲ್ಲಿ ಮನೆಯಲ್ಲಿ ಕೂತುಕೊಳ್ಳುವುದು ಬೇಡ ಅಂತ ಪುತ್ತೂರಲ್ಲಿ ಒಂದು ಅಂಗಡಿಗೆ ಹೋಗಿ ಕೇಳಿದ್ಲು, ಗಡಿಯ ಅಡ್ಕಸ್ಥಳ ದಾಟಿ ಬಸ್ಸಲ್ಲಿ ಹೋಗುವ ದಾರಿ. ಆ ಅಂಗಡಿಯ ಯಜಮಾನರು ಮಾಡಿದ ಇಂಟರ್‌ವ್ಯೂ ನನಗೆ ಇವತ್ತಿಗೂ ಬಲು ಇಷ್ಟ, ಅವಳು ಹೇಳಿದ ಹಾಗೇ ಬರೀತೇನೆ. ಮೊದಲು ಒಂದು ಹಪ್ಪಳದ ಕಟ್ಟು ಕೊಟ್ರು. ಅದರ ಮೇಲೆ ಪ್ಯಾಕ್ ಮಾಡಿದ ತಾರೀಕು ಉಂಟು, ಪ್ಯಾಕ್ ಮಾಡಿ ಆರು ತಿಂಗಳೊಳಗೆ ಉಪಯೋಗಿಸಿ ಅಂತ ಉಂಟು, ಇದನ್ನ ಯಾವತ್ತಿನ ತನಕ ಮಾರ್ಬಹುದು ಹೇಳು ಅಂದ್ರು. ಹೇಳಿದ್ಲು. ಆಮೇಲೆ ಎಂಟು ಸಾಮಾನಿನ ಚೀಟಿ ಕೊಟ್ಟು ಬಾಯಲ್ಲೇ ಕೂಡಿಸು ಅಂದ್ರು, ಕೂಡಿಸಿದ್ಲು. ಅಷ್ಟರಲ್ಲಿ ಒಬ್ಬರು ಬ್ಯಾರಿ ಅಜ್ಜ ಬಂದು ಅವರ ಭಾಷೆಯಲ್ಲಿ ಬೆಲ್ಲದ ರೇಟು ಕೇಳಿದ್ರು, ಯಜಮಾನರು ಸುಮ್ಮನೆ ನಿಂತ್ರು, ಇವಳೇ ಹೋಗಿ ಮಾತಾಡಿ ಎರಡು ಬಗೆಯ ಬೆಲ್ಲ ತೋರಿಸಿ ಒಂದು ಕೆಜಿ ಕಟ್ಟಿ ಕೊಟ್ಲು. ಅಜ್ಜನನ್ನ ಯಜಮಾನರೇ ಕಳಿಸಿದ್ದಾ, ತಾನಾಗಿ ಬಂದದ್ದಾ ಅಂತ ಅವಳಿಗೆ ಈಗ್ಲೂ ಡೌಟು. ನಾಳೆಯಿಂದ ಬಾ ಅಂದ್ರು. ಒಟ್ಟು ಕಾಲು ಗಂಟೆ. ಸರ್ಟಿಫಿಕೇಟು ಕೇಳ್ಲೇ ಇಲ್ಲ.

ಇಲ್ಲಿಗೆ ಕಥೆ ಮುಗಿದ್ರೆ ಎಲ್ಲರೂ ಹೇಳುವ ಮಾತು ಹೇಳ್ಬಹುದು, ಕೆಲಸ ಗೊತ್ತಿದ್ರೆ ಸಾಕು ಸರ್ಟಿಫಿಕೇಟು ಬರೀ ಕಾಗದ ಅಂತ. ನನ್ನ ಕೆಲವು ಗೆಳೆಯರು ಹಾಗೇ ಹೇಳಿದ್ರು ಕೂಡ. ನಾನು ಒಪ್ಪುವುದಿಲ್ಲ. ಯಾಕೆ ಅಂದ್ರೆ ಅಲ್ಲಿ ಏಳು ತಿಂಗಳು ಕೆಲಸ ಮಾಡಿದ ಮೇಲೆ ಮಂಗಳೂರಲ್ಲಿ ಒಂದು ದೊಡ್ಡ ಚೈನಿನ ಸ್ಟೋರಿಗೆ ಜನ ತಗೊಳ್ತಾರೆ ಅಂತ ಗೊತ್ತಾಯ್ತು, ಸಂಬಳ ಜಾಸ್ತಿ, ಪಿಎಫ್ ಇಎಸ್‌ಐ ಎಲ್ಲಾ ಉಂಟು. ಅರ್ಜಿ ಆನ್‌ಲೈನಲ್ಲಿ. ಸರ್ಟಿಫಿಕೇಟ್ ನಂಬರ್ ಹಾಕಿ ಅಂತ ಸ್ಟಾರ್ ಹಾಕಿದ ಕಾಲಂ, ಅದು ಖಾಲಿ ಬಿಟ್ರೆ ಫಾರ್ಮು ಮುಂದೆ ಹೋಗುವುದೇ ಇಲ್ಲ. ಅಲ್ಲಿ ಕಾಲು ಗಂಟೆ ಎದುರಿಗೆ ನಿಲ್ಲಿಸಿ ಹಪ್ಪಳದ ಕಟ್ಟು ಕೊಡುವ ಯಜಮಾನರು ಇಲ್ಲ. ಅವಳ ಮಾವ ಗೊತ್ತಿರುವವರು, ಪುತ್ತೂರಿನ ಯಜಮಾನರನ್ನ ಗೊತ್ತಿರುವವರು ಯಾರೂ ಆ ಸ್ಕ್ರೀನಿನ ಆಚೆ ಬದಿಯಲ್ಲಿ ಇಲ್ಲ. ಸರ್ಟಿಫಿಕೇಟು ಬೇಕಾಗುವುದು ನಮ್ಮನ್ನ ನೋಡಿದವರಿಗೆ ಅಲ್ಲ, ನೋಡದವರಿಗೆ. ಗಡಿಯ ಆಚೆ ಕೆಲಸಕ್ಕೆ ಹೋಗುವವರಿಗೆ ಅದು ಜಾಸ್ತಿ ಬೇಕು, ಶಾಲೆ ಕೇರಳದ್ದು, ಗ್ರೇಡು ಕೇರಳದ್ದು, ಎಸ್ಎಸ್ಎಲ್‌ಸಿಯಲ್ಲಿ ಡಿ ಪ್ಲಸ್ ಅಂದ್ರೆ ಪಾಸಾ ಫೈಲಾ ಅಂತ ಮಂಗಳೂರಲ್ಲಿ ನನ್ನ ಹತ್ತಿರವೇ ಕೇಳಿದವರಿದ್ದಾರೆ. ಪಾಸು, 30 ಮಾರ್ಕಿಂದ ಮೇಲೆ. ಎನ್‌ಎಸ್‌ಕ್ಯುಎಫ್ ಕಾಗದಕ್ಕೆ ಮಾತ್ರ ಗಡಿಯ ತಲಪಾಡಿಯ ಆಚೆಯೂ ಈಚೆಯೂ ಒಂದೇ ಬೆಲೆ, ಲೆವೆಲ್ 4 ಅಂದ್ರೆ ಲೆವೆಲ್ 4.

ಎರಡನೇ ಸಲ ಪಾಸಾದ್ಲು ಅಂತ ಹೇಳ್ಲಿಕ್ಕೆ ಮರ್ತೆ. ಈ ಸಲದ ಅಸೆಸರಿಗೆ ಕನ್ನಡ ಬರ್ತಿತ್ತು, ತುಳುವೂ ಸ್ವಲ್ಪ. ಡ್ಯಾಮೇಜು ಪ್ರಶ್ನೆಯೇ ಪುನಃ ಬಂತಂತೆ, ಇವಳು ಲೈನ್‌ಸೇಲಿನವನ ಕಥೆಯಿಂದ ಶುರು ಮಾಡಿ ನಿಲ್ಲಿಸ್ಲೇ ಇಲ್ಲ, ಸಾಕು ಸಾಕು ಅಂದ್ರಂತೆ ಅವರು.

ಸರ್ಟಿಫಿಕೇಟು ಬಂತು, ಕ್ಯೂಆರ್ ಕೋಡ್ ಉಂಟು, ಹೆಸರು, ಜಾಬ್ ರೋಲು, ಲೆವೆಲ್ಲು, ಗ್ರೇಡು. ಮೊದಲ ಸಲ ಫೈಲಾದ ಅದೇ ಹುಡುಗಿ, ನಡುವೆ ಕಲಿತದ್ದು ಏನೂ ಇಲ್ಲ ಅಂತ ಅಲ್ಲ ಆದ್ರೆ ಕೆಲಸದಲ್ಲಿ ಅವಳು ಮೊದಲೂ ಇದೇ. ಕುಂಬಳೆಯ ಹುಡುಗನ ಕಾಗದವನ್ನೂ ಇವಳದ್ದನ್ನೂ ಪಕ್ಕ ಪಕ್ಕ ಇಟ್ರೆ ಯಾರು ಮಾತಲ್ಲಿ ಜೋರು, ಯಾರು ಸ್ಟಾಕಲ್ಲಿ ಜೋರು ಅಂತ ಗೊತ್ತಾಗುವುದಿಲ್ಲ. ಥಿಯರಿ ಪ್ರಾಕ್ಟಿಕಲ್ ವೈವಾ ಅಂತ ಯೂನಿಟ್ ಯೂನಿಟ್ಟಿಗೆ ಬಿಡಿಸಿ ಮಾರ್ಕು ಹಾಕಿದವರು ಕೊನೆಗೆ ಎಲ್ಲಾ ಕೂಡಿಸಿ ಒಂದು ಅಕ್ಷರ ಮಾಡಿ ಕೊಟ್ರು, ಸಾಂಬಾರು ಪಾಯಸ ಎಲ್ಲ ಒಂದೇ ಪಾತ್ರೆಗೆ ಬಗ್ಗಿಸಿದ ಹಾಗೆ.

ಇದೇ ಮಾತಿಗೆ ಅಮೆರಿಕದ ಒಂದು ಪದ್ಧತಿ ನೆನಪಾಗ್ತದೆ. ಅಲ್ಲಿ ಎಸಿಟಿ ಅನ್ನುವ ಸಂಸ್ಥೆಯ ನ್ಯಾಷನಲ್ ಕೆರಿಯರ್ ರೆಡಿನೆಸ್ ಸರ್ಟಿಫಿಕೇಟ್ ಅಂತ ಉಂಟು, ಯಾವ ಕೆಲಸ ಅಂತ ನೋಡದೇ ಮೂರೇ ಪರೀಕ್ಷೆ, ಕೆಲಸದಲ್ಲಿ ಬರುವ ಲೆಕ್ಕ, ಕೆಲಸದಲ್ಲಿ ಬರುವ ಕಾಗದಪತ್ರ ಓದುವುದು, ಟೇಬಲ್ಲು ಗ್ರಾಫು ಚಾರ್ಟು ಅರ್ಥ ಮಾಡ್ಕೊಳ್ಳುವುದು. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ನಾಲ್ಕು ದರ್ಜೆ, ಮೂರರಲ್ಲಿ ಯಾವುದು ಕಡಿಮೆಯೋ ಅದೇ ದರ್ಜೆ ಸಿಗುವುದು, ಲೆಕ್ಕದಲ್ಲಿ ಆಕಾಶ ಮುಟ್ಟಿ ಓದಿನಲ್ಲಿ ನೆಲದಲ್ಲಿದ್ರೆ ಕೈಗೆ ಬರುವುದು ನೆಲದ್ದೇ. ಈ ಲೆಕ್ಕದಲ್ಲಿ ನಮ್ಮ ಹುಡುಗಿಗೆ, ಅವಳು ಓದುವ ಭಾಷೆಯಲ್ಲಿ ಪೇಪರು ಕೊಟ್ರೆ ಒಂದು ದರ್ಜೆ, ಇನ್ನೊಂದು ಭಾಷೆಯಲ್ಲಿ ಕೊಟ್ರೆ ಇನ್ನೊಂದು. ಅಲ್ಲಿಯದ್ದು ಇಲ್ಲಿಗೆ ತಂದ್ರೆ ಸರಿ ಆಗ್ತದೆ ಅಂತ ನಾನು ಹೇಳ್ತಾ ಇಲ್ಲ, ಲೆಕ್ಕ ಬರುವುದು ಬೇರೆ ಓದ್ಲಿಕ್ಕೆ ಬರುವುದು ಬೇರೆ ಅಂತ ಬೇರೆ ಬೇರೆ ಅಳೆಯುವುದು ಮಾತ್ರ ನನಗೆ ಹಿಡಿಸ್ತದೆ.

ನಾವು ಮಾಡಿದ್ದು ಸಣ್ಣ ಕೆಲಸ. ಪುತ್ತೂರಿನ ಯಜಮಾನರನ್ನ ಒಂದು ಭಾನುವಾರ ಹೋಗಿ ಕಂಡು ಬಂದೆ, ನಿಮ್ಮ ಹಪ್ಪಳದ ಪರೀಕ್ಷೆ ನಮ್ಮ ಸೆಂಟರಲ್ಲಿ ಮಾಡ್ತೇವೆ ಅಂದೆ, ನಕ್ಕರು. ಈಗ ನನ್ನ ಕ್ಲಾಸಿನ ಕೊನೆಗೆ ಪ್ರತಿಯೊಬ್ಬರಿಗೂ ಒಂದು ಹಾಳೆ ಬರೆದು ಕೊಡ್ತೇವೆ. ಅದರಲ್ಲಿ ಒಳ್ಳೆಯ ಹುಡುಗಿ, ಶಿಸ್ತಿನ ಹುಡುಗ ಅನ್ನುವ ಮಾತು ಬರೆಯುವ ಹಾಗಿಲ್ಲ. ಎಂತ ಮಾಡ್ಲಿಕ್ಕೆ ಕೊಟ್ಟದ್ದು, ಎಷ್ಟು ಹೊತ್ತಲ್ಲಿ ಮಾಡಿದ್ರು, ಎಲ್ಲಿ ತಪ್ಪಿತು, ಯಾವ ಭಾಷೆಯಲ್ಲಿ ಮಾತಾಡಿದ್ರು, ನೋಡಿದವರು ಯಾರು, ಅಷ್ಟೇ. ಇವಳ ಹಾಳೆಯಲ್ಲಿ ಹೀಗೆ ಉಂಟು: ಬೇರೆ ಬೇರೆ ತಾರೀಕಿನ 40 ಪ್ಯಾಕೆಟನ್ನ ಎಕ್ಸ್‌ಪೈರಿ ಪ್ರಕಾರ ಜೋಡಿಸಿದ್ದು 4 ನಿಮಿಷದಲ್ಲಿ, ತಪ್ಪು ಇಲ್ಲ, 8 ಸಾಮಾನಿನ ಬಿಲ್ಲು ಬಾಯಿಲೆಕ್ಕ, ತಪ್ಪು ಇಲ್ಲ, ಗಿರಾಕಿ ಹತ್ತಿರ ತುಳು, ಕನ್ನಡ, ಬ್ಯಾರಿ ಚೆನ್ನಾಗಿ, ಮಲಯಾಳಂ ಮಾತು ಪರವಾಗಿಲ್ಲ, ಓದು ಇಲ್ಲ, ಇಂಗ್ಲಿಷ್ ಪ್ಯಾಕೆಟ್ಟು ಬಿಲ್ಲು ಓದ್ತಾರೆ, ಇಮೇಲ್ ಬರೆಯುವುದು ಕಷ್ಟ. ಕೊನೆಯ ಮಾತು ಬರೀಬೇಕಾ ಬೇಡ್ವಾ ಅಂತ ಯೋಚನೆ ಮಾಡಿದೆ. ಅವಳೇ, ಬರೀರಿ ಸರ್, ಇಲ್ಲದಿದ್ರೆ ಮೇಲಿನದ್ದೂ ಯಾರೂ ನಂಬುದಿಲ್ಲ ಅಂದ್ಲು.

ಹಾಳೆಗೆ ಸರ್ಕಾರಿ ಬೆಲೆ ಇಲ್ಲ. ಮಂಗಳೂರಿನ ಸ್ಟೋರಿನ ಎಚ್ಆರ್ ಅದನ್ನ ತಿರುಗಿಸಿ ನೋಡಿ, ಇದು ಯಾರು ಇಶ್ಯೂ ಮಾಡಿದ್ದು, ಲೋಗೋ ಇಲ್ವಲ್ಲ ಅಂತ ಕೇಳಿದ್ರಂತೆ. ಕ್ಯೂಆರ್ ಸ್ಕ್ಯಾನ್ ಮಾಡಿದ್ರು, ಅದು ಬಂತು, ಫಾರ್ಮು ಮುಂದೆ ಹೋಯ್ತು. ಹಾಳೆಯನ್ನ ಒಳಗೆ ಫ್ಲೋರ್ ಮ್ಯಾನೇಜರ್ ತಗೊಂಡು ಓದಿ, ಬ್ಯಾರಿ ಮಾತಾಡ್ತೀರಾ ಅಂತ ಕೇಳಿ, ಅವಳನ್ನ ದಿನಸಿ ಸೆಕ್ಷನ್ನಿಗೆ ಹಾಕಿದ್ರು. ಬಿಲ್ಲಿಂಗ್ ಕೌಂಟರಿಗೆ ಅಂತ ಅರ್ಜಿ ಹಾಕಿದ್ಲು, ಸ್ವಲ್ಪ ಬೇಜಾರು ಉಂಟು ಅವಳಿಗೆ. ಮತ್ತೆ ಸರ್ಟಿಫಿಕೇಟಲ್ಲಿ ಅಪ್ಪನ ಇನಿಷಿಯಲ್ಲು ಆಧಾರಲ್ಲಿ ಇದ್ದ ಹಾಗೆ ಇಲ್ಲ, ಅದಕ್ಕೆ ಒಂದು ಕರೆಕ್ಷನ್ ಅರ್ಜಿ ಕೊಟ್ಟಾಗಿದೆ.

ಈಗ ಹೊಸ ಬ್ಯಾಚು ನಡೀತಾ ಉಂಟು, 22 ಜನ. ಈ ಸಲ ಮೊದಲ ವಾರವೇ ಎಲ್ಲರಿಗೂ ಚೀಟಿ ಕೊಟ್ಟು ಓದ್ಲಿಕ್ಕೆ ಯಾವ ಭಾಷೆ, ಮಾತಾಡ್ಲಿಕ್ಕೆ ಯಾವ ಭಾಷೆ ಅಂತ ಎರಡು ಪ್ರಶ್ನೆ ಕೇಳಿದ್ವಿ. ಓದ್ಲಿಕ್ಕೆ ಮಲಯಾಳಂ 14, ಇಂಗ್ಲಿಷ್ 5, ಕನ್ನಡ 3. ಮಾತಾಡ್ಲಿಕ್ಕೆ ಅಂತ ಹತ್ತು ಜನ ತುಳು ಬರೆದಿದ್ದಾರೆ, ಇಬ್ಬರು ಕೊಂಕಣಿ, ಒಬ್ಬ ಯಾವುದಾದ್ರೂ ಆಗ್ತದೆ ಅಂತ. ಫಾರ್ಮಲ್ಲಿ ಕಾಲಂ ಈಗಲೂ ಒಂದೇ. ಕೋಆರ್ಡಿನೇಟರ್ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, ನೀವೇ ಹೇಳಿ ಸರ್ ಎಂತ ಹಾಕುವ ಅಂದ್ರು. ಮಲಯಾಳಂ ಹಾಕಿ, ಕೆಳಗೆ ರಿಮಾರ್ಕಲ್ಲಿ ಕನ್ನಡ ತುಳು ಬರುವ ಅಸೆಸರ್ ಬೇಕು ಅಂತ ಬರೆದ್ವಿ, ಮೇಲೊಂದು ಮೇಲ್ ಹಾಕಿದ್ವಿ. ನೋಟೆಡ್ ಅಂತ ರಿಪ್ಲೈ ಬಂದಿದೆ. ಟ್ಯಾಬಿನ ಮೂಲೆಯ ಬಟನ್ ಎಲ್ಲಿರ್ತದೆ ಅಂತ ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ.